ಲಾಘವದ ಲೆಕ್ಕ

ಕಣ್ಣಾರೆ ಕಂಡು ಆನಂದಿಸಬೇಕಾದ ವಸ್ತುವೊಂದನ್ನು ಬರಿಯ ಮಾತಿನಲ್ಲಿ ಹಿಡಿದು ನಿಮ್ಮ ಕಿವಿಗೆ ಒಪ್ಪಿಸುವ ಸಾಹಸಕ್ಕೆ ಈ ಹೊತ್ತು ಕೈಹಾಕಿದ್ದೇನೆ. ಆ ವಸ್ತು ಒಂದು ಮೋಟಾರು ಕಾರು. ಅದೂ ನಮ್ಮ ನಾಡಿನದಲ್ಲ, ಇಟಲಿಯದು. ಇಂದಿನದೂ ಅಲ್ಲ, 1960ರ ದಶಕದ್ದು. ಇಷ್ಟು ದೂರದ ವಿಷಯವನ್ನು ಏಕೆ ಆರಿಸಿಕೊಂಡೆನೆಂದು ನೀವು ಕೇಳುವುದು ಸಹಜ. ಅದರ ಗೆಳೆತನ ನನಗೆ ಒದಗಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಆದಕಾರಣ ಬಾನುಲಿಗೆ ಅದು ತೀರ ಅಸಂಗತವಾಗಲಾರದು ಎಂಬುದಷ್ಟೇ ನನ್ನ ಸಮಾಧಾನ.

ಇಪ್ಪತ್ತು ವರ್ಷಗಳ ಕೆಳಗೆ, ಯಂತ್ರೋಪಕರಣಗಳ ತರಬೇತಿಯ ನಿಮಿತ್ತ, ಮಿಲಾನ್ ನಗರದ ಹೊರವಲಯದಲ್ಲಿ ನಾನು ಒಂದು ವರ್ಷ ಬಿಡಾರ ಹೂಡಿದ್ದೆ. ಶನಿವಾರದ ಮಧ್ಯಾಹ್ನ, ಊರಿಗೆ ಊರೇ ಉಂಡು ಮಲಗಿರುವ ಹೊತ್ತಿನಲ್ಲಿ, ಹಿತ್ತಿಲ ಗೋಡೆಯಾಚೆಯಿಂದ ಎಂಜಿನ್ನೊಂದರ ದನಿ ಮೇಲೇರುತ್ತಿತ್ತು, ಒಂದು ಸ್ಥಾಯಿಯಲ್ಲಿ ನಿಂತು ಸ್ವಲ್ಪ ನಡುಗುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಪಾಠ ಒಪ್ಪಿಸಲಾರದ ಹುಡುಗ ಅದೇ ಸಾಲನ್ನು ಮತ್ತೆ ಮತ್ತೆ ಮೊದಲಿನಿಂದ ಹಿಡಿಯುವ ಹಾಗೆ. ಮೂರನೆಯ ಶನಿವಾರ ತಡೆಯಲಾರದೆ ಗೋಡೆಯನ್ನು ಬಳಸಿಕೊಂಡು ಹೋದೆ. ದೊಡ್ಡ ಕೊಟ್ಟಿಗೆಯಂಥ ಒಂದು ಶೆಡ್ಡು. ಒಳಗೆ ಮೂತಿ ತೆರೆದುಕೊಂಡು ನಿಂತ ಕೆಂಪು ಕಾರು. ಅದರ ಮೇಲೆ ಬಾಗಿದ, ಎಪ್ಪತ್ತು ದಾಟಿದ, ನೀಲಿ ಅಂಗಿಯ ಒಬ್ಬ ಹಿರಿಯ ಮೆಕ್ಯಾನಿಕ್. ನನ್ನ ಉದ್ಯೋಗವೇನೆಂದು ಕೇಳಿ ತಿಳಿದು, ಅಂದಿನಿಂದ ಕೊನೆಯವರೆಗೂ ಅವರು ನನ್ನನ್ನು ಕರೆದದ್ದು ‘ಇಂಜೆನ್ಯೇರೇ’ ಎಂದೇ. ನಮ್ಮಲ್ಲಿ ಮೇಷ್ಟ್ರೇ, ಡಾಕ್ಟ್ರೇ ಎನ್ನುವಂತೆ ಅಲ್ಲಿ ಇಂಜಿನಿಯರನಿಗೂ ಅಂಥದೊಂದು ಸಂಬೋಧನೆಯುಂಟು. ನನ್ನ ಕೈಕೆಲಸವನ್ನು ಕಂಡಮೇಲೂ ಅವರು ಅದನ್ನು ಬದಲಾಯಿಸದೆ ಉಳಿಸಿಕೊಂಡದ್ದು ಅವರ ದೊಡ್ಡತನ.

ಆ ಕಾರು ಆಲ್ಫಾ ರೋಮಿಯೋ ಸಂಸ್ಥೆಯ ಜೂಲಿಯಾ ಸ್ಪ್ರಿಂಟ್ ಜಿಟಿ. ಸಂಸ್ಥೆ 1910ರಲ್ಲಿ ಮಿಲಾನಿನ ಪೋರ್ತೆಲ್ಲೋ ಬಡಾವಣೆಯಲ್ಲಿ ಹುಟ್ಟಿದ್ದು. ಐದು ವರ್ಷಗಳ ತರುವಾಯ ಅದರ ಆಡಳಿತಕ್ಕೆ ಬಂದ ನಿಕೊಲಾ ರೋಮಿಯೋ ಎಂಬಾತನಿಂದ ಹೆಸರಿನ ಉತ್ತರಾರ್ಧ ದೊರೆತದ್ದು. 1963ರಲ್ಲಿ ಹೊರಬಂದ ಈ ಎರಡು ಬಾಗಿಲಿನ ಕಾರಿಗೆ ರೂಪ ಕೊಟ್ಟವನು, ಬೆರ್ತೋನೆಯವರ ಕಾರ್ಯಾಲಯದಲ್ಲಿದ್ದ, ಇನ್ನೂ ಇಪ್ಪತ್ತರ ಹರೆಯದ ಜೊರ್ಜೆತ್ತೊ ಜುಜಾರೊ. ಸಂಸಾರವಂದಿಗನು ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಸರೋವರದ ತೀರಕ್ಕೆ ಹೋಗಿಬರಬಹುದಾದ ಈ ಸಭ್ಯವಾದ ವಾಹನವನ್ನು ಪಂದ್ಯದ ಕಣಕ್ಕೆ ಇಳಿಸಬೇಕೆಂದು ಸಂಸ್ಥೆ ಸಂಕಲ್ಪಿಸಿದಾಗ, 1965ರಲ್ಲಿ, ಆಮ್‌ಸ್ಟರ್‌ಡಾಮಿನ ಪ್ರದರ್ಶನದಲ್ಲಿ ಅದರ ಇನ್ನೊಂದು ಅವತಾರ ಕಾಣಿಸಿಕೊಂಡಿತು. ಹೊರನೋಟಕ್ಕೆ ಬಹಳ ಭೇದವಿಲ್ಲ; ಹೆಸರಿನ ಕೊನೆಗೆ ಒಂದಕ್ಷರ ಮಾತ್ರ ಹೆಚ್ಚು: ಜಿಟಿಎ. ಆ ಎ ಅಕ್ಷರ ‘ಅಲ್ಲೆಜೆರೀತಾ’ ಎಂಬ ಪದದ ಸಂಕ್ಷೇಪ. ಹಗುರಗೊಳಿಸಲ್ಪಟ್ಟವಳು ಎಂದು ಅದರ ಅರ್ಥ.

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ವೇಗ ಬೇಕೆಂದೊಡನೆ ನಮಗೆಲ್ಲ ಮೊದಲು ತೋರುವುದು ಶಕ್ತಿಯನ್ನು ಕೂಡಿಸುವ ದಾರಿ. ಆದರೆ ಈ ಜನ ಹೆಸರಿನಲ್ಲಿಯೇ ಕಳೆಯುವ ಲೆಕ್ಕವನ್ನು ಹಚ್ಚೆ ಹೊಯ್ಸಿಕೊಂಡರು. ಅರ್ಧಮಾತ್ರೆಯಷ್ಟು ಉಳಿತಾಯವಾದರೆ ವೈಯಾಕರಣರಿಗೆ ಗಂಡುಮಗು ಹುಟ್ಟಿದಷ್ಟು ಸಂತೋಷವೆಂದು ನಮ್ಮಲ್ಲಿ ಒಂದು ಮಾತಿದೆಯಲ್ಲ, ಮಿಲಾನಿನ ಆ ಇಂಜಿನಿಯರುಗಳು ನಿಜವಾಗಿ ಪಾಣಿನಿಯ ಗೋತ್ರದವರು. ಸಾಮಾನ್ಯ ಸ್ಪ್ರಿಂಟ್ ಕಾರಿನ ತೂಕ ಸುಮಾರು 950 ಕಿಲೋಗ್ರಾಂ; ಜಿಟಿಎಯ ತೂಕ 745. ಉಕ್ಕಿನ ಅಸ್ಥಿಪಂಜರವನ್ನು ಹಾಗೆಯೇ ಬಿಟ್ಟು ಹೊರಗಿನ ಚರ್ಮವನ್ನೆಲ್ಲ ಅಲ್ಯೂಮಿನಿಯಮ್ ಮಿಶ್ರಲೋಹದ ತಗಡಿನಿಂದ ಮಾಡಿ ರಿವೆಟ್ ಹೊಡೆದು ಕೂರಿಸಿದರು. ಎಂಜಿನ್ನಿನ ಎಣ್ಣೆತೊಟ್ಟಿ, ಕ್ಲಚ್ಚಿನ ಕವಚ, ಕ್ಯಾಮ್‌ಶಾಫ್ಟುಗಳ ಮೇಲಿನ ಮುಚ್ಚಳ ಇವು ಅಲ್ಯೂಮಿನಿಯಮ್ಮಿಗಿಂತಲೂ ಹಗುರವಾದ ಮೆಗ್ನೀಸಿಯಮ್ಮಿಗೆ ತಿರುಗಿದವು. ಹಿಂಬದಿಯ ಕಿಟಕಿಗಳ ಗಾಜು ಹೋಗಿ ಪಾರದರ್ಶಕ ಪ್ಲಾಸ್ಟಿಕ್ ಬಂತು. ಪಂದ್ಯದ ನಿಯಮದ ತೃಪ್ತಿಗಾಗಿ ಇಂಥ 500 ಕಾರುಗಳನ್ನು ಕಟ್ಟಿ, ಅವುಗಳಲ್ಲಿ ಕೆಲವನ್ನು ಇನ್ನಷ್ಟು ತಿದ್ದುವ ಹೊಣೆಯನ್ನು ಆಟೊಡೆಲ್ಟಾ ಎಂಬ ಅಂಗಸಂಸ್ಥೆಗೆ ಒಪ್ಪಿಸಿದರು.

ಆಟೊಡೆಲ್ಟಾದ ಸೂತ್ರಧಾರ ಕಾರ್ಲೊ ಕೀತಿ. ತಸ್ಕನಿಯ ಪಿಸ್ತೋಯದವನು, ಹಿಂದೆ ಫೆರಾರಿಯ ಪಂದ್ಯದ ಕಾರುಗಳನ್ನು ರೂಪಿಸಿದವನು. ತೂಕ ಕಳೆಯುವುದೇ ಕಸುಬಾದ ಈ ಮನುಷ್ಯ ತಾನು ಮಾತ್ರ ಭೀಮಕಾಯನಾಗಿದ್ದನೆಂಬುದು ಆ ಕಾಲದ ಛಾಯಾಚಿತ್ರಗಳಿಂದ ಸ್ಪಷ್ಟವಾಗುತ್ತದೆ. ಬೀದಿನಾಯಿಗಳನ್ನು ಕಂಡರೆ ಅವನಿಗೆ ಬಲು ಪ್ರೀತಿ. ಕಾರ್ಖಾನೆಯ ಅಂಗಳದಲ್ಲಿಯೇ ಅವುಗಳನ್ನು ಸಾಕಿಕೊಂಡಿದ್ದ. ಈ ತಂಡದ ಕಾರಿನಲ್ಲಿ ಆಂದ್ರೆಯ ದೆ ಆದಾಮಿಕ್ 1966 ಮತ್ತು 1967ರಲ್ಲಿ ಯೂರೋಪಿನ ಪ್ರಶಸ್ತಿ ಗೆದ್ದ. 1966ರ ಮಾರ್ಚಿನಲ್ಲಿ ಅಮೆರಿಕದ ಸೆಬ್ರಿಂಗಿನಲ್ಲಿ ನಾಲ್ಕು ಗಂಟೆಗಳ ಪಂದ್ಯ ನಡೆದಾಗ, ಎಂಟು ಸಿಲಿಂಡರಿನ ದೈತ್ಯರ ನಡುವೆ ಯೋಖೆನ್ ರಿಂಟ್ ಇದೇ ಜಿಟಿಎಯಲ್ಲಿ ಮೊದಲಿಗನಾಗಿ ಬಂದ. ಅವನ ಎಂಜಿನ್ನಿನ ಗಾತ್ರ 1570 ಘನ ಸೆಂಟಿಮೀಟರು ಮಾತ್ರ. ಎದುರಾಳಿಗಳದ್ದು ಅದರ ಮೂರು ಪಾಲು.

ನನ್ನ ಹಿರಿಯರ ಕೈಯಲ್ಲಿದ್ದದ್ದು ನಿಜವಾದ ಜಿಟಿಎ ಅಲ್ಲ. ಅದಕ್ಕೆ ಇಂದು ಅರಮನೆಯ ಬೆಲೆ. ಒಬ್ಬ ದಂತವೈದ್ಯನ ಒಡೆತನಕ್ಕೆ ಸೇರಿದ ಇದು ಸಾಮಾನ್ಯ ಸ್ಪ್ರಿಂಟ್, ರಾಜಕುಮಾರಿಯ ಬಡ ತಂಗಿ. ಹಳೆಯ ಕಾರುಗಳ ಪಂದ್ಯಕ್ಕೆ ಅದನ್ನು ಸಜ್ಜುಗೊಳಿಸುವುದು ಅವರ ಕೆಲಸ. ಈ ಪಂದ್ಯಗಳಲ್ಲಿ ಒಂದು ವಿಚಿತ್ರ ಶಾಸನವಿದೆ: ಆ ಕಾರಿಗೆ ಅದರ ಕಾಲದಲ್ಲಿ ಮಾನ್ಯತೆ ದೊರೆತಿದ್ದ ತಿದ್ದುಪಾಟುಗಳನ್ನಷ್ಟೇ ಮಾಡಬಹುದು, ತರುವಾಯ ಬಂದ ಜಾಣತನಕ್ಕೆಲ್ಲ ಬಾಗಿಲು ಮುಚ್ಚಿದೆ. ಈ ನಿಯಮವನ್ನು ಅಪಹಾಸ್ಯ ಮಾಡುವವರಿದ್ದಾರೆ. ನನಗಂತೂ ಅದು ಷಟ್ಪದಿಯ ಕಟ್ಟಿನಂತೆ ತೋರಿತು. ಗಣ ತಪ್ಪದೆ ಹೊಸ ಮಾತು ಹೇಳಬಲ್ಲವನಿಗೆ ಮಾತ್ರ ಅಲ್ಲಿ ಮರ್ಯಾದೆ.

ಅವರಿಗೆ ನೆರವಾಗತೊಡಗಿದ ಮೊದಲ ದಿನಗಳಲ್ಲಿ ನನ್ನ ಪಾಲಿಗೆ ಬಂದದ್ದು ಬಿಚ್ಚುವ ಕೆಲಸ. ಹಿಂಬದಿಯ ಆಸನ, ನೆಲದ ಹಾಸು, ಬಾಗಿಲುಗಳ ಒಳಮೈ, ಸದ್ದು ಅಡಗಿಸಲೆಂದು ನೆಲಕ್ಕೆ ಬಳಿದ ಡಾಂಬರಿನಂಥ ಕಪ್ಪು ಪದರ, ಇವನ್ನೆಲ್ಲ ತೆಗೆದು ತಕ್ಕಡಿಗೆ ಹಾಕಿ ತೂಕವನ್ನು ಒಂದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದೆವು. ಎರಡು ವಾರಗಳಲ್ಲಿ ಪುಟದ ಬಲಬದಿ ತುಂಬಿತು. ಎಡಬದಿಯನ್ನು ಅವರು ಖಾಲಿ ಬಿಟ್ಟಿದ್ದರು. ಏಕೆಂದು ಕೇಳಿದೆ. “ತೆಗೆದದ್ದೆಲ್ಲ ಏನೋ ಒಂದು ಕೆಲಸ ಮಾಡುತ್ತಿತ್ತು, ಇಂಜೆನ್ಯೇರೇ. ಇನ್ನುಮೇಲೆ ಆ ಕೆಲಸವನ್ನು ನಾವು ಮಾಡಬೇಕು. ಅದನ್ನು ಅಲ್ಲಿ ಬರೆಯೋಣ” ಎಂದರು.

ಆ ಎಡಬದಿ ಹೇಗೆ ತುಂಬಿಕೊಂಡಿತೆಂಬುದೇ ನನ್ನ ಇಂದಿನ ಕಥೆಯ ಜೀವಾಳ. ಎಂಜಿನ್ನನ್ನು ಹೊತ್ತಿದ್ದ ಮೆತ್ತನೆಯ ರಬ್ಬರಿನ ಬದಲು ಗಡುಸಾದ ರಬ್ಬರು ಹಾಕಿದೆವು. ಒಡನೆಯೇ ಕಂಪನವೆಲ್ಲ ಒಡಲಿಗೆ ಇಳಿದು, ಅಲ್ಲಲ್ಲಿ ಬೋಲ್ಟುಗಳು ಸಡಿಲವಾಗತೊಡಗಿದವು. ಆದಕಾರಣ ಮುಖ್ಯವಾದ ಬೋಲ್ಟಿನ ತಲೆಗಳಿಗೆ ತೂತು ಕೊರೆದು ತಂತಿ ಕಟ್ಟಬೇಕು. ಉಳಿದವುಗಳ ಮೇಲೆ ಹಳದಿ ಬಣ್ಣದ ಒಂದು ಗೆರೆ ಎಳೆದು, ಪ್ರತಿ ಓಟದ ಕೊನೆಗೆ ಗೆರೆ ಕದಲಿದೆಯೇ ಎಂದು ಬಗ್ಗಿ ನೋಡಬೇಕು. ಉಕ್ಕಿನ ಬಾನೆಟ್ಟು ಹೋಗಿ ಅಲ್ಯೂಮಿನಿಯಮ್ಮಿನದು ಬಂತು. ಉಕ್ಕೂ ಅಲ್ಯೂಮಿನಿಯಮ್ಮೂ ಲೊಂಬಾರ್ದಿಯ ಚಳಿಗಾಲದ ಮಂಜಿನಲ್ಲಿ ಮೈ ತಾಗಿಸಿ ಕುಳಿತರೆ ಅಲ್ಲಿ ಪುಟ್ಟದೊಂದು ವಿದ್ಯುತ್ಕೋಶವೇ ಹುಟ್ಟಿ, ಮೃದುವಾದ ಲೋಹ ಬಿಳಿಯ ಹುಡಿಯಾಗಿ ಉದುರುತ್ತದೆ. ಆದಕಾರಣ ಸಂದಿಗಳಿಗೆ ಲೇಪನ, ಲೇಪನಕ್ಕೆ ತಪಾಸಣೆ. ಬ್ರೇಕಿನ ಎಣ್ಣೆಯ ಕಥೆಯೂ ಇಂಥದೇ: ಅದು ಗಾಳಿಯ ತೇವವನ್ನು ತಾನಾಗಿ ಹೀರಿಕೊಳ್ಳುವ ದ್ರವ, ಪಂದ್ಯದಲ್ಲಿ ಡಿಸ್ಕುಗಳು ಕಾದಾಗ ಒಳಸೇರಿದ ನೀರು ಕುದಿದು ಆವಿಯಾದರೆ, ಒತ್ತಿದ ಪೆಡಲು ಕಾಲಿನಡಿ ಹತ್ತಿಯಂತೆ ಕುಸಿಯುತ್ತದೆ. ಮನೆಯ ಕಾರಿನಲ್ಲಿ ವರ್ಷಗಟ್ಟಲೆ ಮರೆಯಬಹುದಾದ ಎಣ್ಣೆಯನ್ನು ಇಲ್ಲಿ ಪಂದ್ಯಕ್ಕೊಮ್ಮೆ ಬದಲಾಯಿಸಬೇಕು. ಬಲಬದಿಯಲ್ಲಿ ಕಿಲೋಗಳನ್ನು ಬರೆದಷ್ಟೂ ಎಡಬದಿಯಲ್ಲಿ ಗಂಟೆಗಳು ಬೆಳೆದವು.

ಎಂಜಿನ್ನಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ನಿಮ್ಮ ಅಪ್ಪಣೆ ಬೇಡುತ್ತೇನೆ. ಅದರ ಚೆಲುವಿಗೆ ಸೋತವನು ನಾನು. ನಾಲ್ಕು ಸಿಲಿಂಡರು, ಅಲ್ಯೂಮಿನಿಯಮ್ಮಿನ ಒಡಲಿನೊಳಗೆ ನಾಲ್ಕು ಬೀಡುಕಬ್ಬಿಣದ ಕೊಳವೆಗಳನ್ನು ನಿಲ್ಲಿಸಿ, ಅವುಗಳ ಸುತ್ತ ನೀರು ಹರಿಯುವಂತೆ ಮಾಡಿದ್ದಾರೆ. ಈ ಕೊಳವೆಗಳ ತುದಿ ಒಡಲಿನ ಮಟ್ಟಕ್ಕಿಂತ ಮಿಲಿಮೀಟರಿನ ಕೆಲವೇ ಶತಾಂಶಗಳಷ್ಟು ಮೇಲಕ್ಕೆ ಚಾಚಿರಬೇಕು. ಆಗ ಮಾತ್ರ ಹೆಡ್ ಗ್ಯಾಸ್ಕೆಟ್ಟು ಅವುಗಳ ಕಂಠವನ್ನು ಬಿಗಿಯಾಗಿ ಹಿಡಿದೀತು. ಕಡಿಮೆಯಾದರೆ ನೀರೂ ಎಣ್ಣೆಯೂ ಕೂಡಿ ಕಾಫಿಯ ಬಣ್ಣದ ಕೆನೆ ಏಳುತ್ತದೆ. ಈ ವಂಶದ ಕಾರುಗಳ ಒಡೆಯರೆಲ್ಲ ಒಂದಲ್ಲ ಒಂದು ದಿನ ಆ ಕೆನೆಯನ್ನು ಕಂಡು ಎದೆ ಒಡೆದುಕೊಂಡವರೇ. ಮೇಲ್ಭಾಗದಲ್ಲಿ ಎರಡು ಕ್ಯಾಮ್‌ಶಾಫ್ಟುಗಳು, ಎಂಟು ವಾಲ್ವುಗಳು. ಹೊಗೆಯ ಬದಿಯ ವಾಲ್ವುಗಳ ಟೊಳ್ಳು ಕಾಂಡದೊಳಗೆ ಸೋಡಿಯಮ್ ತುಂಬಿದೆ. ಶಾಖಕ್ಕೆ ಕರಗಿ ಅಲುಗಾಡುತ್ತ ಅದು ವಾಲ್ವಿನ ತಲೆಯ ಉರಿಯನ್ನು ಮೇಲಕ್ಕೆ ಸಾಗಿಸುತ್ತದೆ. ಜಿಟಿಎಯ ಇನ್ನೊಂದು ವಿಶೇಷವೆಂದರೆ ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್ಗು. ವಾಲ್ವುಗಳನ್ನು ದೊಡ್ಡದು ಮಾಡಿದಾಗ ನಡುವೆ ಪ್ಲಗ್ಗಿಗೆ ಜಾಗ ಉಳಿಯಲಿಲ್ಲ. ಒಂದನ್ನು ಕಿತ್ತು ಎರಡು ಬದಿಗೆ ಎರಡನ್ನು ನೆಟ್ಟರು. ಜ್ವಾಲೆ ಎರಡು ಕಡೆಯಿಂದ ಹೊರಟು ಅರ್ಧ ದಾರಿಯಲ್ಲಿ ಸಂಧಿಸುವುದರಿಂದ ದಹನ ಬೇಗ ಮುಗಿಯುತ್ತದೆ. ಇಕ್ಕಟ್ಟಿನಿಂದ ಹುಟ್ಟಿದ ಉಪಾಯವೇ ಉತ್ಕರ್ಷವಾಯಿತು. ಬೀದಿಯ ಜಿಟಿಎಯಲ್ಲಿ 115 ಅಶ್ವಶಕ್ತಿಯಿದ್ದದ್ದು ಆಟೊಡೆಲ್ಟಾದ ಕೈಯಲ್ಲಿ 170ರ ವರೆಗೆ ಏರಿತು.

ನಮ್ಮ ಬಡ ತಂಗಿಗೆ ಒಂದೇ ಪ್ಲಗ್ಗು. ಆದರೆ ಕಾರ್ಬ್ಯುರೇಟರು ಮಾತ್ರ ಆಕೆಗೂ ಎರಡು, ವೆಬರ್ ಸಂಸ್ಥೆಯವು. ಒಂದೊಂದಕ್ಕೆ ಎರಡು ಕಂಠ, ಒಟ್ಟು ನಾಲ್ಕು ಸಿಲಿಂಡರಿಗೆ ನಾಲ್ಕು ಕಂಠ. ಅವುಗಳಲ್ಲಿ ಒಂದು ಹೆಚ್ಚು ಉಸಿರೆಳೆದು ಇನ್ನೊಂದು ಕಡಿಮೆ ಎಳೆದರೆ ಎಂಜಿನ್ನು ಕುಂಟುತ್ತದೆ. ಗೋಡೆಯಾಚೆ ನಾನು ಕೇಳಿದ ನಡುಕದ ಗುಟ್ಟು ಇದೇ. ಉಸಿರನ್ನು ಅಳೆಯುವ ಮಾಪಕಗಳು ಇದ್ದರೂ ಹಿರಿಯರಿಗೆ ಅವುಗಳಲ್ಲಿ ನಂಬಿಕೆಯಿಲ್ಲ. ಮೊಳದುದ್ದದ ರಬ್ಬರು ಕೊಳವೆಯ ಒಂದು ತುದಿಯನ್ನು ಕಂಠದ ಬಾಯಿಗೂ ಇನ್ನೊಂದನ್ನು ಕಿವಿಗೂ ಹಿಡಿದು, ಒಳಹೋಗುವ ಗಾಳಿಯ ಸುಯ್ಲನ್ನು ಆಲಿಸಿ ತಿರುಪು ತಿರುವುವುದು ಅವರ ಹಳೆಯ ಪದ್ಧತಿ. ಐವತ್ತು ವರ್ಷ ಎಂಜಿನ್ನುಗಳ ನಡುವೆ ಬಾಳಿದುದರ ಫಲವಾಗಿ ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಸಣ್ಣ ಸದ್ದುಗಳಿಗೆ ಸೋತಿತ್ತು. ಶನಿವಾರಗಟ್ಟಲೆ ಅದೇ ಪಾಠ ಮುಗಿಯದೆ ನಿಂತದ್ದು ಈ ಕಾರಣದಿಂದ ಎಂಬುದು ನನಗೆ ಆಮೇಲೆ ತಿಳಿಯಿತು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ದಿನ ಕೊಳವೆಯನ್ನು ನನ್ನ ಕೈಗೆ ಕೊಟ್ಟು, “ನೀವು ಕೇಳಿ, ನಾನು ತಿರುಗಿಸುತ್ತೇನೆ” ಎಂದರು.

ನಾನು ಬಾಲ್ಯದಲ್ಲಿ ನಾಲ್ಕು ವರ್ಷ ಸಂಗೀತ ಕಲಿತು ಕೈಬಿಟ್ಟವನು. ಗುರುಗಳ ಮನೆಯಲ್ಲಿ ಹಾಡಿದ್ದಕ್ಕಿಂತ ತಂಬೂರಿ ಮೀಟಿದ್ದೇ ಹೆಚ್ಚು. ಸಾರಣೆಗೆ ಅನುಸಾರಣೆಯನ್ನು ಕೂಡಿಸುವಾಗ, ಎರಡು ತಂತಿಗಳ ನಡುವಿನ ಅಲೆ ಮೊದಲು ದಡಬಡಿಸಿ, ಆಮೇಲೆ ನಿಧಾನವಾಗಿ, ಕಡೆಗೆ ಇಲ್ಲವಾಗುವುದುಂಟಲ್ಲ, ಆ ಕೊಳವೆಯಲ್ಲಿ ನನಗೆ ಕೇಳಿಸಿದ್ದು ಹೆಚ್ಚು ಕಡಿಮೆ ಅದೇ. ಮೊದಲ ಕಂಠ ಹುಲ್ಲಿನಲ್ಲಿ ಹಾವು ಸರಿದಂತೆ; ಮೂರನೆಯದು ಒಗ್ಗರಣೆಯ ಸುಯ್ಲಿನಂತೆ, ತುಸು ಒರಟು. ನಾನು ಬೆರಳೆತ್ತಿದರೆ ಅವರು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಅಂಗೈ ತೋರಿಸಿದರೆ ನಿಲ್ಲಿಸುತ್ತಿದ್ದರು. ಮುಕ್ಕಾಲು ಗಂಟೆಯ ಮೇಲೆ ನಾಲ್ಕು ಸುಯ್ಲುಗಳೂ ಒಂದಾದವು. ಅವರು ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈಯಿಟ್ಟು, ಕಿವಿಗೆ ದಕ್ಕದ್ದನ್ನು ಚರ್ಮದಿಂದ ಪರೀಕ್ಷಿಸಿ, ತಲೆಯಾಡಿಸಿದರು. ಅಂದು ಮೊಟ್ಟಮೊದಲು ನನಗೆ ಕಾಫಿ ದೊರೆಯಿತು.

ಗರ್ವಭಂಗಕ್ಕೆ ಬಹಳ ದಿನ ಕಾಯಬೇಕಾಗಲಿಲ್ಲ. ಎಣ್ಣೆ ಬದಲಾಯಿಸಿ ತೊಟ್ಟಿಯ ತಳದ ಬಿರಟೆ ಬಿಗಿ ಮಾಡುವ ಕೆಲಸವನ್ನು ಅವರು ನನಗೆ ವಹಿಸಿ ಊಟಕ್ಕೆ ಹೋದರು. ಊರಿನಲ್ಲಿ ಲಾರಿಯ ಬೋಲ್ಟುಗಳನ್ನು ಬಿಗಿದ ಕೈ ನನ್ನದು. ಸಾಲದು ಎನ್ನಿಸಿ ಇನ್ನರ್ಧ ಸುತ್ತು ಒತ್ತಿದೆ. ಸ್ಪ್ಯಾನರು ಇದ್ದಕ್ಕಿದ್ದಂತೆ ಹಗುರವಾಯಿತು. ಈ ಮಾತನ್ನು ಅನುಭವಿಸಿದವರು ಬಲ್ಲರು: ಉಕ್ಕಿನ ಬಿರಟೆ ಅಲ್ಯೂಮಿನಿಯಮ್ಮಿನ ಮರೆಯನ್ನು ಕಿತ್ತುಕೊಂಡು, ಹೆರೆದ ತೆಂಗಿನಕಾಯಿಯ ಸುರುಳಿಯಂಥ ಒಂದು ಹೊಳೆಯುವ ಎಳೆಯೊಡನೆ ನನ್ನ ಕೈಗೆ ಬಂತು. ಲಾಘವದ ಇನ್ನೊಂದು ಅರ್ಥ ಕೈಚಳಕವೆಂಬುದನ್ನು ನಿಘಂಟು ಹೇಳುತ್ತದೆ. ನನಗೆ ಅದನ್ನು ಆ ತೊಟ್ಟಿ ಹೇಳಿತು. ಅವರು ಬಂದು ನೋಡಿ ಬೈಯಲಿಲ್ಲ. ತೊಟ್ಟಿಯನ್ನು ಇಳಿಸಿ, ತೂತನ್ನು ಹಿಗ್ಗಿಸಿ, ಹೊಸ ಮರೆ ಕೊರೆದು, ಉಕ್ಕಿನ ಒಳಗವಚ ಕೂರಿಸುವುದರೊಳಗೆ ರಾತ್ರಿ ಹತ್ತಾಯಿತು. ನೋಟುಪುಸ್ತಕದ ಎಡಬದಿಯಲ್ಲಿ ‘ಬಿರಟೆ: ಏಳು ಗಂಟೆ’ ಎಂದು ಬರೆದು, ಬಲಬದಿಯಲ್ಲಿ ಒಂದು ಅಧಿಕಚಿಹ್ನೆ ಹಾಕಿ, ಒಳಗವಚದ ತೂಕವನ್ನು ಗ್ರಾಂಗಳಲ್ಲಿ ನಮೂದಿಸಿದರು.

ವಾಲ್ವುಗಳ ಸಂದು ಹೊಂದಿಸುವುದು ನಿಜವಾದ ತಪಸ್ಸು. ಕ್ಯಾಮಿಗೂ ವಾಲ್ವಿನ ಮೇಲಿನ ಬಟ್ಟಲಿಗೂ ನಡುವೆ ಅರ್ಧ ಮಿಲಿಮೀಟರಿನಷ್ಟು ಸಂದಿರಬೇಕು. ಹೆಚ್ಚೋ ಕಡಿಮೆಯೋ ಇದ್ದರೆ ತಿರುಪಿನಿಂದ ಸರಿಪಡಿಸುವಂತಿಲ್ಲ. ಎರಡು ಕ್ಯಾಮ್‌ಶಾಫ್ಟುಗಳನ್ನೂ ಕಳಚಿ, ಬಟ್ಟಲೆತ್ತಿ, ಅದರಡಿಯ ಗುಂಡಿಯಂಥ ಉಕ್ಕಿನ ಬಿಲ್ಲೆಯನ್ನು ತೆಗೆದು, ದಪ್ಪ ಅಥವಾ ತೆಳು ಬಿಲ್ಲೆ ಹಾಕಿ, ಮತ್ತೆ ಎಲ್ಲವನ್ನೂ ಜೋಡಿಸಿ ಮತ್ತೆ ಅಳೆಯಬೇಕು. ಹಿರಿಯರು ನೂರಾರು ಬಿಲ್ಲೆಗಳನ್ನು ಅಳತೆವಾರು ಮಾತ್ರೆಯ ಡಬ್ಬಿಗಳಲ್ಲಿ ಕೂಡಿಟ್ಟಿದ್ದರು. ಕಂಪನಿಯವರು ಒಂದು ತಿರುಪನ್ನೇಕೆ ಇಡಲಿಲ್ಲವೆಂದು ನಾನು ಗೊಣಗಿದಾಗ, ತಿರುಪೂ ತೂಕವೇ ಅಲ್ಲವೆ, ಅದೂ ಓಡಾಡುವ ತೂಕ, ಎಂದರು.

ಚಕ್ರಗಳ ವಿಷಯವನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. ಈ ಕಾರುಗಳು ತಿರುವಿನಲ್ಲಿ ಒಳಬದಿಯ ಮುಂಚಕ್ರವನ್ನು ನೆಲದಿಂದ ಎತ್ತಿ, ನಾಯಿ ಕಂಬದ ಬಳಿ ಕಾಲೆತ್ತಿದ ಭಂಗಿಯಲ್ಲಿ, ಮೂರು ಚಕ್ರದ ಮೇಲೆ ಹಾಯುತ್ತವೆ. ಹಿಂದಿನ ಅಚ್ಚು ಒಂದೇ ಗಟ್ಟಿ ದಂಡವಾದುದರಿಂದ, ಅದರ ನಡುಭಾಗ ಅಡ್ಡಕ್ಕೆ ಸರಿಯದೆ ಮೇಲೆ ಕೆಳಗೆ ಮಾತ್ರ ಜಾರುವಂತೆ ಆಟೊಡೆಲ್ಟಾದವರು ಒಂದು ಲಂಬವಾದ ಜಾರುಗಟ್ಟನ್ನು ಕಲ್ಪಿಸಿ, ಒಡಲು ಓಲಾಡುವ ಕೇಂದ್ರವನ್ನು ಕೆಳಗಿಳಿಸಿದರು. ಅದಕ್ಕೂ ಎಡಬದಿಯಲ್ಲಿ ಒಂದು ಸಾಲು: ಪಂದ್ಯಕ್ಕೊಮ್ಮೆ ಗ್ರೀಸು.

ಮೇ ತಿಂಗಳಲ್ಲಿ ಕಾರನ್ನು ಮೊಂಜಾಕ್ಕೆ ಒಯ್ದೆವು. ಮಿಲಾನಿನ ಉತ್ತರಕ್ಕೆ, ಹಳೆಯ ಅರಸುಮನೆತನದ ವನದೊಳಗೆ, 1922ರಲ್ಲಿ ಕಟ್ಟಿದ ಪಂದ್ಯದ ಹಾದಿ ಅದು. ಅಲ್ಲಿಯೇ 1923ರಲ್ಲಿ ಊಗೊ ಸಿವೋಚಿ ಎಂಬ ಆಲ್ಫಾದ ಚಾಲಕ ಅಭ್ಯಾಸದ ಓಟದಲ್ಲಿ ಮಡಿದ. ಅದೇ ವರ್ಷ ಸಿಸಿಲಿಯ ತಾರ್ಗಾ ಫ್ಲೋರಿಯೋ ಪಂದ್ಯವನ್ನು ಅವನು ಗೆದ್ದಾಗ ಕಾರಿನ ಮೇಲೆ ಬಿಳಿಯ ಚೌಕದಲ್ಲಿ ನಾಲ್ಕೆಸಳಿನ ಹಸುರೆಲೆಯೊಂದನ್ನು ಬರೆಯಿಸಿಕೊಂಡಿದ್ದ. ಮೊಂಜಾದಲ್ಲಿ ಅವನು ಓಡಿಸಿದ ಹೊಸ ಕಾರಿನ ಮೇಲೆ ಅದನ್ನಿನ್ನೂ ಬರೆದಿರಲಿಲ್ಲ. ತರುವಾಯ ಎಲೆಯ ಹಿಂದಿನ ಚೌಕ ತ್ರಿಕೋನವಾದದ್ದು, ಇಲ್ಲವಾದ ನಾಲ್ಕನೆಯ ಮೂಲೆ ಅವನದೆಂಬ ನೆನಪಿಗೆ ಎಂದು ಅಲ್ಲಿನವರು ಹೇಳುತ್ತಾರೆ. ತೂಕದ ವಿಷಯದಲ್ಲಿ ಅಷ್ಟು ಜಿಪುಣರಾದ ಹಿರಿಯರು, ಆ ತ್ರಿಕೋನವನ್ನು ನಮ್ಮ ಕಾರಿಗೆ ಅಂಟಿಸುವ ಬದಲು ಕುಂಚದಿಂದ ಎರಡು ಸಲ ದಪ್ಪವಾಗಿ ಬರೆದಿದ್ದರು.

ದಂತವೈದ್ಯರು ಮೂರು ಸುತ್ತು ಪೂರ್ಣವೇಗದಲ್ಲಿ ಓಡಿಸಿ, ನೇರದಾರಿಯ ಕೊನೆಯಲ್ಲಿ ಎಂಜಿನ್ನನ್ನು ಥಟ್ಟನೆ ಆರಿಸಿ, ಕ್ಲಚ್ಚು ಒತ್ತಿ, ಉರುಳಿಕೊಂಡು ಬಂದು ನಿಂತರು. ನಿಧಾನಗತಿಯ ಮಸಿ ಹತ್ತದೆ, ಪೂರ್ಣವೇಗದ ದಹನದ ಬಣ್ಣವನ್ನೇ ಪ್ಲಗ್ಗು ಹೊತ್ತು ತರಲೆಂಬುದು ಇದರ ಉದ್ದೇಶ. ಹಿರಿಯರು ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಬಿಳಿಯ ಬಟ್ಟೆಯ ಮೇಲೆ ಸಾಲಾಗಿಟ್ಟು, ಭೂತಗನ್ನಡಿಯಲ್ಲಿ ನೋಡಿದರು. ಪಿಂಗಾಣಿ ಕಪ್ಪಾದರೆ ಪೆಟ್ರೋಲು ಹೆಚ್ಚು; ಸುಣ್ಣದಂತೆ ಬೆಳ್ಳಗಾದರೆ ಗಾಳಿ ಹೆಚ್ಚು, ಪಿಸ್ಟನ್ನಿಗೆ ಕೇಡು. ಮೂರು ಪ್ಲಗ್ಗುಗಳು ಹದವಾಗಿ ಬೆಂದ ಬಿಸ್ಕತ್ತಿನ ಬಣ್ಣದಲ್ಲಿದ್ದವು, ನಾಲ್ಕನೆಯದು ಬಿಳಿಚಿತ್ತು. ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರಿನ ಬೆಸುಗೆಯಲ್ಲಿ ಉಗುರಿನಂಥ ಒಂದು ಬಿರುಕು, ಅಲ್ಲಿಂದ ಕಳ್ಳಗಾಳಿ. ಅದನ್ನು ಬದಲಾಯಿಸಿ, ಕೊಳವೆ ಹಿಡಿದು, ಮತ್ತೆ ಬೆರಳು, ಮತ್ತೆ ಅಂಗೈ. ಆ ದಿನದ ಪಂದ್ಯದಲ್ಲಿ ನಮ್ಮ ಕಾರು ಎಷ್ಟನೆಯದಾಗಿ ಬಂತೆಂದರೆ ನೀವು ನಕ್ಕೀರಿ. ಆದರೆ ತನ್ನ ಕಾಲಮೇಲೆ ತಾನು ಬಂತು.

ಸಂಜೆ ಜನವೆಲ್ಲ ಕರಗಿದ ಮೇಲೆ, ಮರಗಳ ಕೆಳಗೆ, ಬಾನೆಟ್ಟು ತೆರೆದುಕೊಂಡು ಕಾರು ನಿಂತಿತ್ತು. ಕಾದ ಲೋಹ ತಣಿಯುವಾಗ ಟಿಕ್, ಟಿಕ್ ಎಂದು ಒಂದು ಸದ್ದು ಮಾಡುತ್ತದೆ. ಮೊದಲು ಒತ್ತೊತ್ತಾಗಿ, ಬರಬರುತ್ತ ವಿರಳವಾಗಿ. ಅದು ನಿಲ್ಲುವವರೆಗೆ ಬಾನೆಟ್ಟು ಮುಚ್ಚಬಾರದೆಂಬುದು ಹಿರಿಯರ ನೇಮ. ಅವರು ನನ್ನ ಕಡೆ ನೋಡಿ, ಕಿವಿಯನ್ನು ಮುಟ್ಟಿ, ಹುಬ್ಬೇರಿಸಿದರು. ಇನ್ನೂ ಇದೆ ಎಂದು ಬೆರಳೆತ್ತಿದೆ. ಬಹಳ ಹೊತ್ತು ಹಾಗೆಯೇ ನಿಂತಿದ್ದೆವು. ಕೊನೆಯ ಟಿಕ್ ಆದಮೇಲೆ ಇನ್ನೊಂದಕ್ಕಾಗಿ ಕಾದು, ಅದು ಬಾರದಿರಲು, ಅಂಗೈ ತೋರಿಸಿದೆ. ಅವರು ಎರಡು ಕೈಗಳಿಂದಲೂ ಬಾನೆಟ್ಟನ್ನು ಇಳಿಸಿ, ಮೆಲ್ಲಗೆ ಒತ್ತಿದರು.